ಹನ್ನೊಂದನೇ ಪ್ರಶ್ನೆ

ನಾರಾಯಣಗೂಡದ ನಮ್ಮ ಗಲ್ಲಿಯಲ್ಲಿ ಎದುರುಮನೆಯವರು ಮೇಲೊಂದು ಅಂತಸ್ತು ಎಬ್ಬಿಸುತ್ತಿದ್ದಾರೆ. ಹೋದ ವಾರ ಸ್ಲ್ಯಾಬ್ ಹಾಕಿದರು. ಅದು ಬಿರುಕು ಬಿಡಬಾರದೆಂದು ಮೇಲೆ ಗೋಣಿಚೀಲ ಹಾಸಿ ಬೆಳಿಗ್ಗೆ ಸಂಜೆ ಪೈಪಿನಿಂದ ನೀರು ಬಿಡುತ್ತಾರೆ. ಹಸಿ ಸಿಮೆಂಟು, ನೆನೆದ ಗೋಣಿ, ಬಿಸಿಲು ಮೂರೂ ಸೇರಿದ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. "ಗಲ್ಲಿ ಸುಧಾರಿಸ್ಲಿಕ್ಕತ್ತದ ನೋಡವಾ" ಎಂದು ಅಪ್ಪ ಖುಷಿಪಡುತ್ತಾರೆ. ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ.

ಅಪ್ಪನ ಕುರ್ಚಿಯ ಮೇಲುಗಡೆ, ದೇವರ ಕ್ಯಾಲೆಂಡರಿನ ಪಕ್ಕದಲ್ಲಿ, ಕಟ್ಟು ಹಾಕಿಸಿದ ನನ್ನದೊಂದು ಸರ್ಟಿಫಿಕೇಟು ಇದೆ. ಹೊರದೇಶದ ವಿಶ್ವವಿದ್ಯಾಲಯದ್ದು; ಬಂಗಾರದ ಬಣ್ಣದ ಮುದ್ರೆ, ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸಿನಲ್ಲಿ ಎ ಗ್ರೇಡು. ಮನೆಗೆ ಬಂದವರಿಗೆ ಚಹಾ ಕೊಡುವ ಮುಂಚೆ ಅಪ್ಪ ಅದನ್ನು ತೋರಿಸುತ್ತಾರೆ. ಆ ಗ್ರೇಡು ಹೇಗೆ ಬಂತೆಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಹೇಳುವಷ್ಟು ಸಿಟ್ಟು ನನ್ನಲ್ಲಿ ಇನ್ನೂ ಉಳಿದಿದೆ.

ನಾನು ಬಿ.ಕಾಂ. ಎರಡನೇ ವರ್ಷ ಮುಗಿಸಿದ ಬೇಸಿಗೆ ಅದು. ಗಚ್ಚಿಬೌಲಿಯ ಒಂದು ಖಾಸಗಿ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಆ ಕಾಲದಲ್ಲಿ ಹೊರದೇಶದ ವಿದ್ಯಾರ್ಥಿಗಳ ಒಂದು ತಂಡ ಬರುತ್ತಿತ್ತು. ಅವರ ಪಾಲಿಗೆ ಅದು 'ಸ್ಟಡಿ ಅಬ್ರಾಡ್' ಕೋರ್ಸು. ಆರು ವಾರ ಇಲ್ಲಿದ್ದು ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಓದುವುದು, ಗೋಲ್ಕೊಂಡ ನೋಡುವುದು, ಬಿರಿಯಾನಿ ತಿಂದು ಹೊಟ್ಟೆ ಕೆಡಿಸಿಕೊಳ್ಳುವುದು, ಕ್ರೆಡಿಟ್ ಜೇಬಿಗೆ ಹಾಕಿಕೊಂಡು ವಿಮಾನ ಹತ್ತುವುದು. ಅವರ ಜೊತೆ ಕೂತು ಓದಲು ಊರಿನ ಕಾಲೇಜುಗಳಿಂದ ಕೆಲವರನ್ನು ಪುಕ್ಕಟೆಯಾಗಿ ಸೇರಿಸಿಕೊಳ್ಳುತ್ತಿದ್ದರು. ನಾನು ಆಯ್ಕೆಯಾದೆ. ಹೀಗೆ ನಾನು ಅಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು, ಕೋಠಿಗೆ ಹೋಗಿ ಸಿಟಿ ಬಸ್ಸು ಹತ್ತಿ, ಹಗಲೆಲ್ಲ ಅಬ್ರಾಡಿನಲ್ಲಿ ಓದಿ, ಸಂಜೆ ಮನೆಗೆ ಬಂದು ಮಜ್ಜಿಗೆ ಕುಡಿಯುತ್ತಿದ್ದೆ.

"ಮಂದಿ ವಿಮಾನ ಹತ್ತಿ ಫಾರಿನ್ನಿಗೆ ಹೋಗ್ತಾರ, ನಮ್ಮ ವಾಣೀನ್ನ ಹುಡಿಕ್ಕೋತ ಫಾರಿನ್ನೇ ಗಚ್ಚಿಬೌಲಿಗೆ ಬಂದದ" ಎಂದು ಅಪ್ಪ ಬೀದಿಗೆಲ್ಲ ಸಾರಿದರು. ಅಜ್ಜನ ಕಾಲಕ್ಕೆ ಕಲಬುರ್ಗಿಯಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ನೆಲೆನಿಂತ ಮನೆತನ ನಮ್ಮದು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಕನ್ನಡ ನನಗೆ ಅಡುಗೆಮನೆಯ ಭಾಷೆಯಾಗಿತ್ತೇ ಹೊರತು ಅದರಿಂದ ಹೊರಗೆ ಯಾರಿಗಾದರೂ ಉಪಯೋಗವಾದೀತೆಂದು ನಾನು ಅಂದುಕೊಂಡಿರಲಿಲ್ಲ.

ಪಾಠ ಮಾಡಲು ಬಂದಿದ್ದವರು ಮಾರ್ಗರೆಟ್ ಎಂಬ ಪ್ರೊಫೆಸರ್. ನೀಳ ಕಾಲಿನ, ಬಿಸಿಲಿಗೆ ಮೂಗು ಕೆಂಪಾದ, ಸದಾ ಹತ್ತಿಯ ಕುರ್ತಾ ತೊಡುವ ಹೆಂಗಸು. ಹೆಸರು ಹಿಡಿದೇ ಕರೆಯಿರಿ ಎಂದು ಹಟ ಮಾಡುತ್ತಿದ್ದರು. ನನ್ನ ನಾಲಿಗೆ ತಿರುಗದೆ ಮೇಡಂ ಎಂದೇ ಕರೆದೆ. ಪಾಠ ಮಾತ್ರ ಅದ್ಭುತವಾಗಿ ಮಾಡುತ್ತಿದ್ದರು, ಅದನ್ನು ಇವತ್ತಿಗೂ ಅಲ್ಲಗಳೆಯಲಾರೆ. ನಮ್ಮ ಕಾಲೇಜಿನಲ್ಲಿ ಸೂತ್ರ ಬಾಯಿಪಾಠ ಮಾಡಿಸಿ ಬಿಡುತ್ತಿದ್ದ ವಿಷಯವನ್ನು ಅವರು ಮೇಜಿನ ಮೇಲೆ ಇಟ್ಟು ತೋರಿಸುತ್ತಿದ್ದರು. ಒಂದು ದಿನ ರಸ್ತೆಬದಿಯಿಂದ ಒಂದು ಬುಟ್ಟಿ ಬೇನಿಶಾ ಮಾವಿನಹಣ್ಣು ಹೊರಿಸಿಕೊಂಡು ಬಂದರು. ಎಲ್ಲವನ್ನೂ ಕೊಯ್ಯದೆ ಎಷ್ಟು ಹಣ್ಣು ಹುಳಿ ಎಂದು ಹೇಳಬೇಕು. ಟೈ ಕಟ್ಟಿದ ಹುಡುಗನೊಬ್ಬ ಹೋಗಿ ಮೇಲಿನ ನಾಲ್ಕು ಹಣ್ಣು ಎತ್ತಿದ.

"ಮೇಲಿನದನ್ನು ಆರಿಸಿದರೆ ಮಾರುವವನು ನಿಮಗೆ ಏನು ತೋರಿಸಬೇಕು ಅಂದುಕೊಂಡಿದ್ದಾನೋ ಅದನ್ನೇ ನೋಡುತ್ತೀರಿ" ಎಂದರು ಮಾರ್ಗರೆಟ್. "ಕೈಯನ್ನು ಬುಟ್ಟಿಯ ತಳಕ್ಕೆ ಹಾಕಿ."

ಆ ದಿನ ಇಡೀ ತರಗತಿ ಮಾವಿನರಸದಲ್ಲಿ ಕೈ ಅದ್ದಿಕೊಂಡು ಸ್ಯಾಂಪಲಿಂಗ್ ಕಲಿಯಿತು. ನನಗೆ ಆ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ. ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಸ್ಟ್ಯಾಟಿಸ್ಟಿಕ್ಸ್ ಪುಸ್ತಕವೊಂದನ್ನು ಕೊಂಡು ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತಿದ್ದೆ. ಎಂ.ಎಸ್ಸಿ. ಮಾಡಬೇಕು, ಮಾರ್ಗರೆಟ್ ಥರ ಪಾಠ ಹೇಳಬೇಕು ಎಂದೆಲ್ಲ ಕನಸು ಕಂಡೆ. ಈಗ ಇದೇ ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೇನೆ. ಮಾವಿನಹಣ್ಣು ಮಾತ್ರ ತರಿಸುವುದಿಲ್ಲ.

ಕೋರ್ಸಿನ ಅರ್ಧ ಮಾರ್ಕು ಒಂದು ಪ್ರಾಜೆಕ್ಟಿಗೆ. ಕಾಲೇಜಿನ ಹಿಂದೆಯೇ ಒಂದು ಕಂಪನಿ ಆಕಾಶದೆತ್ತರದ ಅಪಾರ್ಟ್‌ಮೆಂಟುಗಳನ್ನು ಕಟ್ಟಿಸುತ್ತಿತ್ತು. ಕೋರ್ಸಿಗೆ ಒಂದಿಷ್ಟು ನೆರವು ಕೊಟ್ಟದ್ದೂ ಅದೇ ಕಂಪನಿ. ಅಲ್ಲಿಯ ಕೂಲಿಗಳ ಸೌಕರ್ಯದ ಬಗ್ಗೆ ನಾವು ಸಮೀಕ್ಷೆ ಮಾಡಿ ವರದಿ ಕೊಡಬೇಕು. ಕಂಪನಿಯ ವೆಲ್ಫೇರ್ ಆಫೀಸರ್ ಒಬ್ಬರು ತರಗತಿಗೆ ಬಂದು ತಮಗೇನು ಬೇಕೆಂದು ಮುಚ್ಚುಮರೆ ಇಲ್ಲದೆ ಹೇಳಿದರು. ಸೈಟಿನಲ್ಲಿ ಮಕ್ಕಳಿಗೆಂದು ಒಂದು ತಗಡಿನ ಷೆಡ್ಡು ಇದೆ, ಯಾದಮ್ಮ ಎಂಬ ಆಯಾ ಇದ್ದಾಳೆ. ಹೆಂಗಸರಿಗೆ ನಿಜವಾಗಿ ಅದರ ಅಗತ್ಯವಿದ್ದರೆ ಇಡುತ್ತೇವೆ, ಇಲ್ಲದಿದ್ದರೆ ಆ ಜಾಗ ಸಾಮಾನು ಇಡಲು ಬೇಕು. "ನಿಮ್ಮ ಡೇಟಾ ಏನು ಹೇಳುತ್ತದೋ ಹಾಗೆ ಮಾಡುತ್ತೇವೆ" ಎಂದರು. ಎಲ್ಲರೂ ತಲೆದೂಗಿದರು. ನಾವು ಕಲಿತದ್ದು ಹೊರಗಿನ ಲೋಕಕ್ಕೆ ತಾಗುತ್ತದೆಂದು ನನಗೂ ರೋಮಾಂಚನವಾಗಿತ್ತು.

ಕೂಲಿಗಳಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ತರಗತಿಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಅಡುಗೆಮನೆಯ ಭಾಷೆಗೆ ಒಮ್ಮೆಲೇ ಬೆಲೆ ಬಂತು. ಪ್ರಶ್ನೆಗಳನ್ನು ಕನ್ನಡ ಮಾಡಿದ್ದು ನಾನೇ. ಹನ್ನೊಂದನೆಯದು ಹೀಗಿತ್ತು: ನಿಮ್ಮ ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ತಾಯಿ, ಮನೆಯ ಹಿರಿಯರು, ಷೆಡ್ಡಿನ ಆಯಾ, ಇತರರು.

ಅದನ್ನು ಕನ್ನಡ ಮಾಡುವಾಗಲೇ ನನಗೆ ಯಾಕೋ ಸರಿ ಕಾಣಲಿಲ್ಲ. "ಹೀಗೆ ಕೇಳಿದರೆ ಎಲ್ಲರೂ ತಾಯಿ ಅಂತಲೇ ಹೇಳುತ್ತಾರೆ, ಮೇಡಂ. ನೀವು ಕೆಲಸಕ್ಕೆ ಹೋದಾಗ ಕೂಸು ಎಲ್ಲಿರುತ್ತದೆ ಅಂತ ಕೇಳೋಣ" ಎಂದೆ. ಮಾರ್ಗರೆಟ್ ಯೋಚಿಸಿದರು. ಆದರೆ ಪ್ರಶ್ನೆಗಳಿಗೆ ಅವರ ವಿಶ್ವವಿದ್ಯಾಲಯದ ಸಮಿತಿಯೊಂದು ಒಪ್ಪಿಗೆ ಕೊಟ್ಟಾಗಿತ್ತು. ಒಂದು ಪದ ಬದಲಾದರೂ ಮತ್ತೆ ಅಲ್ಲಿಗೆ ಕಳಿಸಬೇಕು; ಉತ್ತರ ಬರುವಷ್ಟರಲ್ಲಿ ಕೋರ್ಸೇ ಮುಗಿದಿರುತ್ತದೆ. "ಇದ್ದದ್ದನ್ನು ಇದ್ದ ಹಾಗೇ ಓದು. ಬಿಡಿಸಿ ಹೇಳಬೇಡ, ಸುಳಿವು ಕೊಡಬೇಡ" ಎಂದರು. ಹಾಗೆಂದು ಎಲ್ಲರಿಂದ ಸಹಿಯನ್ನೂ ಹಾಕಿಸಿಕೊಂಡರು.

ತೆಲುಗು, ಹಿಂದಿಯವರ ಕಡೆಗೆ ಬೇರೆ ಜೋಡಿಗಳು ಹೋದವು; ನನ್ನ ಜೋಡಿಗೆ ಸಿಕ್ಕವಳು ಹೊರದೇಶದ ತಂಡದ ಎಮ್ಮಾ. ಒಳ್ಳೆಯ ಹುಡುಗಿ. ದಾರಿಯ ನಾಯಿಗಳಿಗೂ ಬಿಸ್ಕತ್ತು ಹಾಕುವವಳು. ಸಂಜೆ ಕೆಲಸ ಬಿಟ್ಟ ಮೇಲೆ ನಾವಿಬ್ಬರೂ ಗುಡಿಸಲ ಸಾಲಿಗೆ ಹೋದೆವು. ಮೊದಲು ಸಿಕ್ಕವಳು ಶರಣಮ್ಮ, ಶಹಾಪುರದ ಕಡೆಯವಳು. ನಮ್ಮನ್ನು ಕಂಡವಳೇ ಮುಖ ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು, ಸಿಮೆಂಟಿನ ಖಾಲಿ ಚೀಲ ಕೊಡವಿ ಹಾಸಿದಳು. "ಬರ್ರಿ ಅಕ್ಕಾರ, ಕುಂದರ್ರಿ. ನಮ್ಮ ಮಾತು ಮಾತಾಡ್ತೀರಲ್ರಿ, ಭಾಳ ಛಲೋ ಆತು" ಎಂದು ಗಂಡನನ್ನು ಚಹಾಕ್ಕೆ ಓಡಿಸಿದಳು. ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಮಗ ಮೌನೇಶ ಅವಳ ಸೊಂಟದಲ್ಲಿದ್ದ. ಎಮ್ಮಾಳ ಬಂಗಾರದ ಕೂದಲಿಗೆ ಕೈ ಹಾಕಿ ಎಳೆದ, ಎಲ್ಲರೂ ನಕ್ಕೆವು.

ನಾನು ಪ್ರಶ್ನೆ ಓದುತ್ತಾ ಹೋದೆ. ನೀರು ಸಾಕಾಗುತ್ತದೆಯೇ? "ಸಾಕಾಗ್ತಾವ್ರಿ." ಗುಡಿಸಲು ಅನುಕೂಲವಾಗಿದೆಯೇ? "ಆರಾಮ ಅದೀವ್ರಿ. ಏನೂ ಕಮ್ಮಿ ಇಲ್ರಿ." ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಶರಣಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಹಡದಾಕಿ ನಾ ಇದ್ದೀನಲ್ರೀ. ನಾನಽ ನೋಡ್ಕೋತೀನಿ. ಮತ್ಯಾರ್ ನೋಡ್ತಾರ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಎಮ್ಮಾ 'ತಾಯಿ' ಎಂಬಲ್ಲಿ ಗುರುತು ಹಾಕಿದಳು. ನಾನು ಅವಳ ಕೈ ಹಿಡಿದೆ. "ತಾಳು, ಇನ್ನೊಂದು ರೀತಿ ಕೇಳುತ್ತೇನೆ." ಎಮ್ಮಾ ತಲೆಯಾಡಿಸಿದಳು. "ಬೇಡ ವಾಣಿ, ಸಹಿ ಹಾಕಿದ್ದೇವೆ." ಆಮೇಲೆ ಗುಡಿಸಲಿನಿಂದ ಗುಡಿಸಲಿಗೆ ಅದೇ ಕಥೆ. ಎಲ್ಲ ಕಡೆ ಚೀಲ ಹಾಸಿದರು, ಎಲ್ಲ ಕಡೆ ಆರಾಮ. ಕೂಸನ್ನು ಸೊಂಟದಲ್ಲಿಟ್ಟುಕೊಂಡ ಯಾವ ತಾಯಿಯೂ, ಬಾಗಿಲಿಗೆ ಬಂದ ಅಪರಿಚಿತರ ಮುಂದೆ, ನನ್ನ ಮಗುವನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎನ್ನಲಿಲ್ಲ. ನಮ್ಮಮ್ಮನಾದರೂ ಅನ್ನುವಾಕೆಯಲ್ಲ. ಜ್ವರ ಬಂದು ಮಲಗಿದ್ದಾಗಲೂ, ಬಂದವರು ಹೇಗಿದ್ದೀರಿ ಎಂದರೆ ಎದ್ದು ಕೂತು "ಆರಾಮ ಇದ್ದೀವ್ರಿ, ಬರ್ರಿ" ಎನ್ನುತ್ತಾಳೆ. ಬಂದವರ ಮುಂದೆ ಮನೆಯ ಕೊರತೆ ಹಾಡಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ.

ತರಗತಿಯಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆವು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಎದ್ದವು. 'ತಾಯಿ' ಎಂಬ ಕಂಬ ಆ ಕಂಪನಿಯ ಕಟ್ಟಡದಷ್ಟೇ ಎತ್ತರ. 'ಷೆಡ್ಡಿನ ಆಯಾ' ಎಂಬುದು ನೆಲಕ್ಕೆ ಅಂಟಿಕೊಂಡ ಒಂದು ಗೆರೆ. ಇಷ್ಟು ಸ್ಪಷ್ಟವಾದ ಫಲಿತಾಂಶ ಅಪರೂಪ ಎಂದು ಹುಡುಗರು ಚಪ್ಪಾಳೆ ತಟ್ಟಿದರು. ನಾನು ಮಾತ್ರ ತಟ್ಟಲಿಲ್ಲ.

ಭಾನುವಾರ ಮನೆಯಲ್ಲಿ ಏನೂ ಹೇಳದೆ ಒಬ್ಬಳೇ ಸೈಟಿಗೆ ಹೋದೆ. ಅಮ್ಮ ಮಾಡಿದ ಶೇಂಗಾದ ಉಂಡಿ ಕಟ್ಟಿಕೊಂಡಿದ್ದೆ. ಈ ಸಲ ಶರಣಮ್ಮ ಮುಖ ತೊಳೆಯಲಿಲ್ಲ, ಕುಂಕುಮಕ್ಕೆ ಓಡಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಅಲ್ಲಿಂದಲೇ "ಬರ್ರಿ ಅಕ್ಕಾರ" ಎಂದಳು. ಎರಡನೇ ಸಲ ಬಂದವರು ಅರ್ಧ ಮನೆಯವರೇ. ಒಲೆಯ ಪಕ್ಕ ಕೂತು ಕೇಳಿದೆ, ಹಗಲು ಮೌನೇಶ ಎಲ್ಲಿರ್ತಾನ್ರಿ?

"ಯಾದಮ್ಮನ ಹಂತ್ಯಾಕ್ರಿ, ಷೆಡ್ಡಿನ್ಯಾಗ. ಮತ್ತ್ ಎಲ್ಲಿ ಇಡ್ಲಿ? ಕಬ್ಬಿಣ, ಮೊಳಿ, ಎಲ್ಲಾ ಬಿದ್ದಿರ್ತಾವ ಕೆಳಗ. ಆ ಷೆಡ್ಡು ಅದ ಅಂತ ಅಲ್ರೀ ನಾ ಕೆಲಸಕ್ಕ ಹೋಗಾಕತ್ತಿದ್ದು?"

"ಅವತ್ತು ನೀವೇ ನೋಡ್ಕೋತೀನಿ ಅಂದ್ರಲ್ಲಾ?"

ಅವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಮೊದಲ್ನೇ ದಿನ ಬಂದೋರ ಮುಂದ ಹಂಗ ಹೇಳ್ತಾರೇನ್ರೀ? ಕೂಸಿನ್ನ ಮಂದಿ ಕೈಯಾಗ ಕೊಟ್ಟಾಳ, ಎಂಥಾ ತಾಯಿ ಇಕಿ ಅಂತೀರಿ ನೀವು."

ಸೋಮವಾರ ತರಗತಿ ಶುರುವಾಗುವ ಮುಂಚೆಯೇ ಮಾರ್ಗರೆಟ್ ಅವರ ಕೋಣೆಗೆ ಹೋದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಇನ್ನೊಮ್ಮೆ ಹೋಗೋಣ, ಎರಡನೇ ಸಲ ಹೋದರೆ ನಿಜ ಹೇಳುತ್ತಾರೆ ಎಂದೆ.

ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತುಂಬ ಮೃದುವಾಗಿ ಹೇಳಿದರು, "ವಾಣಿ, ನಮಗೆ ಬೇಕಾದ ಉತ್ತರ ಸಿಗುವವರೆಗೆ ಮತ್ತೆ ಮತ್ತೆ ಕೇಳುವುದು ಸಂಖ್ಯಾಶಾಸ್ತ್ರವಲ್ಲ. ನಿಯಮ ಬಿಟ್ಟು ಒಬ್ಬಳನ್ನು ಕೇಳಿ ಬಂದಿದ್ದೀಯ. ಒಬ್ಬಳು ಹೇಳಿದ್ದು ಕಥೆ. ಎಲ್ಲರೂ ಹೇಳಿದ್ದು ಡೇಟಾ."

"ಬುಟ್ಟಿಯ ತಳಕ್ಕೆ ಕೈ ಹಾಕಿ ಅಂದವರು ನೀವೇ, ಮೇಡಂ. ನಾವು ತಂದಿರುವುದು ಮೇಲಿನ ಹಣ್ಣು."

ಅವರ ಮುಖ ಒಂದು ಕ್ಷಣ ಬಾಡಿತು. ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ ಎಂದು ನಾನು ಯಾವತ್ತೂ ಹೇಳಲಾರೆ. ಅರ್ಥವಾಗಿತ್ತು, ಅದೇ ನನ್ನ ಸಂಕಟ. ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದರು. ವಾರದ ಕೊನೆಗೆ ತಂಡವೆಲ್ಲ ಆಗ್ರಾಕ್ಕೆ ಹೋಗುವುದಿತ್ತು, ಟಿಕೆಟ್ಟಾಗಿತ್ತು. ಬಂದ ಮರುದಿನವೇ ಕಂಪನಿಯ ಮುಂದೆ ವರದಿ. "ಇದು ಒಳ್ಳೆಯ ಅಂಶ. ಸಮೀಕ್ಷೆಯ ಮಿತಿಗಳು ಅನ್ನುವ ಕಡೆ ಬರೆಯೋಣ" ಎಂದರು. ಬರೆದರು ಕೂಡ. ನಾನೇ ಟೈಪು ಮಾಡಿದ ಆ ಎರಡು ಸಾಲು ಸ್ಲೈಡಿನ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಕೂತವು. ಬೇಕಿದ್ದ ಒಂದು ಸಂಜೆ ಅವರ ಹತ್ತಿರ ಇರಲಿಲ್ಲ, ತಾಜಮಹಲಿಗೆ ಇತ್ತು.

ವರದಿಯ ದಿನ ಎ.ಸಿ. ಹಾಲು, ಸಮೋಸ, ಕೋಟು ತೊಟ್ಟ ಜನ. ಆ ಸ್ಲೈಡು ಬಂದಾಗ ನಾನು ಎದ್ದು ನಿಂತು, ಈ ಉತ್ತರ ಬಂದವರಿಗೆ ಹೇಳಿದ ಉತ್ತರ, ನಿಜವಲ್ಲ, ಷೆಡ್ಡು ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವೆಲ್ಫೇರ್ ಆಫೀಸರ್ ನಗುತ್ತಲೇ, "ಅಂದ್ರೆ ನೀವೇ ಮಾಡಿದ ಸರ್ವೆ ತಪ್ಪು ಅಂತೀರಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. ಹಾಲಿನಲ್ಲಿ ನಗು ಎದ್ದಿತು. ಮಾರ್ಗರೆಟ್, ವಾಣಿಯ ಕಳಕಳಿ ಮೆಚ್ಚುವಂಥದ್ದು ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋದರು. ಕಂಪನಿಗೆ ನಾನು ಬರೆದ ಇ-ಮೇಲಿಗೆ, ನಿಮ್ಮ ಸಂದೇಶ ತಲುಪಿದೆ ಎಂದು ಯಂತ್ರವೇ ಉತ್ತರ ಕೊಟ್ಟಿತು. ಅದಾದ ಮೇಲೆ ಇನ್ನೇನೂ ಬರಲಿಲ್ಲ.

ಮೃಗಶಿರಾ ಮಳೆ ಹಿಡಿದ ದಿನವೇ ಕೋರ್ಸು ಮುಗಿಯಿತು. ಬೀಳ್ಕೊಡುಗೆಯ ಊಟದಲ್ಲಿ ಎಮ್ಮಾ ನನ್ನನ್ನು ತಬ್ಬಿಕೊಂಡು ಅತ್ತಳು. ಮಾರ್ಗರೆಟ್ ಸರ್ಟಿಫಿಕೇಟಿನ ಜೊತೆಗೆ ಒಂದು ಶಿಫಾರಸು ಪತ್ರ ಕೊಟ್ಟರು. ಸ್ಥಳೀಯ ಸಂಸ್ಕೃತಿಯ ಬಗ್ಗೆ ನನಗಿರುವ ಸೂಕ್ಷ್ಮ ತಿಳುವಳಿಕೆಯನ್ನು ಅದರಲ್ಲಿ ಹೊಗಳಿದ್ದರು. ಓದಿದಾಗ ಮೈಯೆಲ್ಲ ಉರಿಯಿತು. ಆ ಪತ್ರವನ್ನು ನಾನು ಎಲ್ಲಿಗೂ ಲಗತ್ತಿಸಲಿಲ್ಲ. ಅವರ ಬಸ್ಸು ವಿಮಾನ ನಿಲ್ದಾಣಕ್ಕೆ ಹೊರಟ ಮೇಲೆ, ಉಳಿದ ಸಿಹಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಸೈಟಿಗೆ ಹೋದೆ.

ಷೆಡ್ಡಿನೊಳಗೆ ಸೂರಿನವರೆಗೆ ಟೈಲ್ಸಿನ ಡಬ್ಬಿಗಳು. ಯಾದಮ್ಮ ಇಲ್ಲ. ಶರಣಮ್ಮ ಕೆಳಗಡೆ ಪಾರ್ಕಿಂಗಿನಲ್ಲಿ ಉಸುಕು ಸಾಣಿಸುತ್ತಿದ್ದಳು. ಆಚೆ ನೆನೆದ ಗೋಣಿ ಸುತ್ತಿದ ಕಂಬಗಳ ಸಾಲು. ಅದರಲ್ಲೊಂದು ಕಂಬಕ್ಕೆ ಹಳೆಯ ಸೀರೆಯ ತುಂಡು ಬಿಗಿದಿತ್ತು, ಅದರ ಇನ್ನೊಂದು ತುದಿ ಮೌನೇಶನ ಸೊಂಟಕ್ಕೆ. ಅವನು ಆ ಸೀರೆ ಎಟುಕುವಷ್ಟು ದೂರ ಬಂದು, ಅಲ್ಲಿಂದ ಮುಂದೆ ಬರಲಾಗದೆ ನನ್ನ ಕಡೆ ಕೈ ಚಾಚಿ ನಿಂತ.

"ಬರ್ರಿ ಅಕ್ಕಾರ" ಎಂದು ಶರಣಮ್ಮ ಕೈ ಕೊಡವಿಕೊಂಡು ಬಂದಳು. ನನ್ನ ಕಣ್ಣು ಎಲ್ಲಿದೆಯೆಂದು ನೋಡಿದಳು. "ಷೆಡ್ಡು ಬಂದ್ ಮಾಡಿದ್ರು. ಯಾಕಂತ ಗೊತ್ತಿಲ್ರಿ. ಮ್ಯಾಲಿನೋರು ಹೇಳ್ಯಾರ ಅಂತಾರ. ಕಟ್ಟಲಿಲ್ಲಂದ್ರ ಗುಂಡಿ ಕಡಿಗೆ ಹೊಕ್ಕಾನ್ರಿ ಇಂವ." ಗಂಟು ಸಡಿಲವಾಗಿದೆಯೇನೋ ಎಂದು ಜಗ್ಗಿ ನೋಡಿ, ಅವನ ನಡುವಿಗೆ ಉಜ್ಜುತ್ತಿದ್ದ ಜಾಗದಲ್ಲಿ ಬಟ್ಟೆ ಸರಿಮಾಡಿದಳು.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮಾರ್ಗರೆಟ್ ಮೇಲೆ, ಎಮ್ಮಾ ಮೇಲೆ, ಕೋಟು ತೊಟ್ಟು ನಕ್ಕವರ ಮೇಲೆ; ಎಲ್ಲರಿಗಿಂತ ಹೆಚ್ಚು, ಅವತ್ತು ಚೀಲ ಹಾಸಿ ಆರಾಮ ಅದೀವಿ ಎಂದ ಈ ಶರಣಮ್ಮನ ಮೇಲೆ. ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಅವಳ ಮುಖದಲ್ಲಿ ಏನೋ ಹೊಳೆದಂತಾಯಿತು.

"ಅಕ್ಕಾರ, ಆ ಬಿಳೀ ಮಂದಿ ಭಾಳ ಛಲೋ ಇದ್ರಲ್ರೀ. ಅಷ್ಟೆಲ್ಲಾ ಕೇಳಿ ಬರಕೊಂಡ್ ಹೋಗ್ಯಾರ. ನಮ್ಮ ಕಷ್ಟ ಗೊತ್ತಾದ್ರ ಸುಮ್ನ ಇರೂದಿಲ್ಲ ಅವ್ರು. ಷೆಡ್ಡು ಬಂದ್ ಆಗೈತಿ ಅಂತ ಅವರ ಕಿವಿಗೊಂದ್ ಮಾತು ಹಾಕ್ರಿ. ಹೇಳ್ತೀರಲ್ಲಾ?"

ಆಗ ಅವರ ಬಸ್ಸು ಹೊರವರ್ತುಲ ರಸ್ತೆ ಹಿಡಿದಿರಬೇಕು. ಹೊರಗೆ ಮಳೆ ಜೋರಾಗುತ್ತಿತ್ತು. ಅವಳ ಗಂಡ ಆಗಲೇ ಚಹಾ ತಂದು ನನ್ನ ಕೈಗೆ ಕೊಟ್ಟಿದ್ದ.

"ಹೇಳ್ತೀನ್ರಿ" ಎಂದೆ.